ಅಭಿಮಾನಿಗಳ ರೊಕ್ಕ, ಗಾಯಕನ ಚಿತ್ರ

ಹೋದ ತಿಂಗಳು ಒಂದು ರವಿವಾರ ಮಧ್ಯಾಹ್ನ ನನ್ನ ಮಗ ಲ್ಯಾಪ್‌ಟಾಪಿನಲ್ಲಿ ಒಂದು ಸಾಕ್ಷ್ಯಚಿತ್ರ ಹಚ್ಚಿಕೊಂಡು ಕೂತಿದ್ದ. ದಪ್ಪ ಮೀಸೆಯ, ಉದ್ದ ಮೋರೆಯ ಒಬ್ಬ ಅಮೇರಿಕದವ ಗಿಟಾರು ಬಾರಿಸುತ್ತಿದ್ದ. ರಾಕ್ ಸಂಗೀತವೆಂದರೆ ಪಕ್ಕದ ಮನೆಯ ಗಲಾಟೆ ಎಂದಷ್ಟೇ ತಿಳಿದಿದ್ದ ನಾನು ಮೊದಲು ಪೇಪರಿನ ಮರೆಯಿಂದ ನೋಡಿದೆ. ಆಮೇಲೆ ಪೇಪರು ಮಡಿಸಿಟ್ಟು ಎರಡು ತಾಸೂ ಕೂತೆ. ಆತನ ಹೆಸರು ಫ್ರಾಂಕ್ ಝಪ್ಪ. 1993ರ ಡಿಸೆಂಬರಿನಲ್ಲಿ, 52ನೆಯ ವಯಸ್ಸಿನಲ್ಲಿ ತೀರಿಕೊಂಡ. ಚಿತ್ರದ ಹೆಸರೂ 'ಝಪ್ಪ'. ಅಲೆಕ್ಸ್ ವಿಂಟರ್ ಎಂಬವರ ನಿರ್ದೇಶನ, 2020ರಲ್ಲಿ ತೆರೆಕಂಡದ್ದು.

ಮುಗಿದ ಮೇಲೆ ಮಗ ಹೇಳಿದ: "ಅಪ್ಪಾ, ಈ ಕೆಲಸಕ್ಕ ಅಭಿಮಾನಿಗಳೇ ರೊಕ್ಕ ಕೂಡಿಸಿದ್ರು." 2016ರಲ್ಲಿ ವಿಂಟರ್ ಸಾರ್ವಜನಿಕರ ಮುಂದೆ ಜೋಳಿಗೆ ಒಡ್ಡಿದರಂತೆ. ಕೇಳಿದ್ದು 5 ಲಕ್ಷ ಡಾಲರು. ಗಡುವಿನೊಳಗೆ ಅಷ್ಟು ಕೂಡದಿದ್ದರೆ ಯಾರ ಹಣವನ್ನೂ ಮುಟ್ಟುವಂತಿಲ್ಲ ಎಂಬ ಕರಾರು. ಒಂದು ತಿಂಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಸೇರಿ 11 ಲಕ್ಷ ಡಾಲರಿಗೂ ಮೇಲೆ ಕೊಟ್ಟರು. ಇಷ್ಟು ಹೇಳಿ ಮಗ ನನ್ನತ್ತ ತಿರುಗಿದ: "ನಿಮ್ಮ ಭೀಮಸೇನ ಜೋಶಿಯವರ ಸಲುವಾಗಿ ನೀವು ಹಿಂಗ ಕೊಡ್ತಿದ್ರೇನು?"

ಆ ಪ್ರಶ್ನೆ ಚುಚ್ಚಿತು. ಈ ಲೇಖನ ಅದಕ್ಕೆ ಉತ್ತರ ಹುಡುಕುವ ಪ್ರಯತ್ನವೆಂದು ವಾಚಕರು ತಿಳಿಯಬೇಕು.

ಮೊದಲು ಚಿತ್ರದ ಗುಣದೋಷ. ಅಭಿಮಾನಿಗಳ ಹಣದಿಂದಾದ ಚಿತ್ರ ಭಜನೆಯಾಗಿರುತ್ತದೆ ಎಂದು ನಾನು ಎಣಿಸಿದ್ದೆ. ಹಾಗಾಗಿಲ್ಲ. 1991ರಲ್ಲಿ ಸೋವಿಯತ್ ಸೈನ್ಯ ಹೊರಟುಹೋಗುವ ಹೊತ್ತಿಗೆ ಪ್ರಾಗ್ ನಗರದ ಜನ ಅವನನ್ನು ಎದುರುಗೊಳ್ಳುವ ದೃಶ್ಯದಿಂದ ಚಿತ್ರ ಆರಂಭವಾಗುತ್ತದೆ. ಅಲ್ಲಿ ಅವನು ವೀರನಂತೆ ಕಾಣುತ್ತಾನೆ. ಆದರೆ ಮುಂದೆ ಹೋದಂತೆ ತನ್ನ ವಾದಕರೊಡನೆ ಎಷ್ಟು ಒಣಗಿ ನಡೆದುಕೊಂಡ, ಹೆಂಡತಿಯ ಪಾಲಿಗೆ ಎಂಥ ಗಂಡನಾಗಿದ್ದ ಎಂಬುದನ್ನು ಮುಚ್ಚಿಟ್ಟಿಲ್ಲ. ಅವನ ತಂಡದಲ್ಲಿ ತಾಳವಾದ್ಯ ನುಡಿಸುತ್ತಿದ್ದ ರೂತ್ ಅಂಡರ್‌ವುಡ್ ಎಂಬ ಮಹಿಳೆ ಮಾತಾಡುವ ಭಾಗ ನನಗೆ ಎಲ್ಲಕ್ಕಿಂತ ಹಿಡಿಸಿತು. ಕಠೋರ ಗುರುವಿನ ಶಿಷ್ಯರು ನಮ್ಮಲ್ಲೂ ಹೀಗೆಯೇ ಮಾತಾಡುತ್ತಾರಲ್ಲ! ತಾನು ಬರೆದ ಸಂಗೀತವನ್ನು ಕಿವಿಯಾರೆ ಕೇಳುವ ಹಟದಿಂದ 1983ರಲ್ಲಿ ಸ್ವಂತ ಖರ್ಚಿನಲ್ಲಿ ಲಂಡನ್ನಿನ ದೊಡ್ಡ ವಾದ್ಯವೃಂದವನ್ನು ಗೊತ್ತುಮಾಡಿದನಂತೆ. ಕುಂದಗೋಳದ ಗುರುಮನೆಯಲ್ಲಿ ನೀರು ಹೊತ್ತವರ ಕಥೆ ಕೇಳಿ ಬೆಳೆದ ನಮಗೆ ಈ ಹಟ ಅಪರಿಚಿತವಲ್ಲ.

ದೋಷವೂ ಉಂಟು. ಇಷ್ಟುದ್ದದ ಚಿತ್ರದಲ್ಲಿ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ ತೃಪ್ತಿ ನನಗೆ ಸಿಗಲಿಲ್ಲ. ತುಣುಕು ತುಣುಕು. ಬಡಾ ಖ್ಯಾಲಿನ ವಿಲಂಬಿತಕ್ಕೆ ಅರ್ಧ ತಾಸು ಕೊಡುವ ಕಿವಿಗೆ ಇದು ಪಂಕ್ತಿಯಲ್ಲಿ ಕೂಡ್ರಿಸಿ ಉಪ್ಪಿನಕಾಯಿ ಬಡಿಸಿದಂತೆ.

ಆದರೆ ನಾನು ಹೇಳಬೇಕಾದ ಮಾತು ಬೇರೆ ಇದೆ. ಅಭಿಮಾನಿಗಳ ಹಣ ಮೊದಲು ಹೋದದ್ದು ಚಿತ್ರೀಕರಣಕ್ಕಲ್ಲ. ಲಾಸ್ ಏಂಜಲೀಸಿನ ಮನೆಯ ನೆಲಮಾಳಿಗೆಯಲ್ಲಿ ಝಪ್ಪ ಕೂಡಿಟ್ಟಿದ್ದ ಧ್ವನಿಸುರುಳಿ, ಫಿಲ್ಮು, ವಿಡಿಯೋಗಳನ್ನು ಹಾಳಾಗುವ ಮುನ್ನ ಪ್ರತಿ ಮಾಡಿಸುವುದು ಮೊದಲ ಕೆಲಸವಾಗಿತ್ತು. ಹಳೆಯ ತುಣುಕೊಂದರಲ್ಲಿ ಅವನೇ ಆ ಕಪಾಟುಗಳ ನಡುವೆ ಓಡಾಡಿ ತೋರಿಸುತ್ತಾನೆ. ವಿಜ್ಞಾನ ಓದಿದವನಾದ್ದರಿಂದ ಇದು ನನಗೆ ಬೇಗ ತಿಳಿಯಿತು. ಟೇಪಿನ ಪಟ್ಟಿಗೆ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಕಾಲಕ್ರಮೇಣ ಗಾಳಿಯ ತೇವ ಹೀರಿ ಒಡೆಯುತ್ತದೆ. 1970-80ರ ದಶಕಗಳ ಹಲವು ರೀಲುಗಳು ಹೀಗೆ ಜಿಗುಟಾಗಿ ಯಂತ್ರದ ತಲೆಗೆ ಮೆತ್ತಿಕೊಳ್ಳುತ್ತವೆ. ಅವನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ತಾಸುಗಟ್ಟಲೆ ಇಟ್ಟು ಒಣಗಿಸಿದರೆ ಕೆಲವು ದಿನ ಸರಿಯಾಗಿ ಓಡುತ್ತವೆ. ಅಷ್ಟರೊಳಗೆ ಪ್ರತಿ ತೆಗೆಯಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಗುಲ್ಜಾರರು ಭೀಮಸೇನ ಜೋಶಿಯವರ ಮೇಲೆ 1992ರಲ್ಲಿ ಚಿತ್ರ ಮಾಡಿದರು. ಖರ್ಚು ಸರಕಾರದ ಫಿಲ್ಮ್ಸ್ ಡಿವಿಜನ್ನಿನದು. ಕುಮಾರ ಗಂಧರ್ವರ ಮೇಲೆ ಜಬ್ಬಾರ್ ಪಟೇಲರು ಮಾಡಿದ 'ಹಂಸ ಅಕೇಲಾ' ಚಿತ್ರವೂ ಅದೇ ಬೊಕ್ಕಸದ್ದು. ಆ ಫಿಲ್ಮ್ಸ್ ಡಿವಿಜನ್ 2022ರಲ್ಲಿ ಬೇರೊಂದು ನಿಗಮದಲ್ಲಿ ಲೀನವಾಯಿತು. ಗುಲ್ಜಾರರ ಚಿತ್ರದಲ್ಲಿ ಪಂಡಿತರು ಮನೆ ಬಿಟ್ಟು ಓಡಿದ ಕಥೆಯನ್ನು ತಮ್ಮ ಬಾಯಿಂದಲೇ ಹೇಳುವುದನ್ನು ಕೇಳುವ ಭಾಗ್ಯವಿದೆ, ನಿಜ. ಆದರೆ ಭಕ್ತಿ ಒಂದು ತೂಕ ಹೆಚ್ಚೇ. ವಿಚಿತ್ರವೆಂದರೆ, ಅಭಿಮಾನಿಗಳು ಹಣ ಕೊಟ್ಟ ಚಿತ್ರ ನಿಷ್ಠುರವಾಗಿದೆ. ಸರಕಾರ ಹಣ ಕೊಟ್ಟದ್ದು ಕೈಮುಗಿದು ನಿಂತಿದೆ.

ಜನ ಕೂಡಿ ರೊಕ್ಕ ಹಾಕುವುದು ನಮಗೆ ಹೊಸತೇನಲ್ಲ. 1976ರ 'ಮಂಥನ' ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟಿದ್ದರು. ಕನ್ನಡದಲ್ಲಿ ಪವನ್ ಕುಮಾರರ 'ಲೂಸಿಯಾ' (2013) ಚಿತ್ರಕ್ಕೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ಒದಗಿಸಿದರು. ಲೆಕ್ಕಪತ್ರದಲ್ಲೇ ಹೊಟ್ಟೆ ಹೊರೆಯುವ ನನ್ನಂಥವನು ಇಲ್ಲಿ ಒಂದು ಭೇದ ಕಾಣುತ್ತಾನೆ. 'ಲೂಸಿಯಾ'ದವರದು ಬಂಡವಾಳ, ಝಪ್ಪನ ಅಭಿಮಾನಿಗಳದು ಬರೀ ದೇಣಿಗೆ. ಲಾಭದಲ್ಲಿ ಪಾಲಿಲ್ಲ, ಚಿತ್ರದಲ್ಲಿ ಏನಿರಬೇಕೆಂದು ಹೇಳುವ ಹಕ್ಕಿಲ್ಲ, ಉಳಿಸಿದ ಸುರುಳಿಗಳ ಮೇಲೆ ಒಡೆತನವಿಲ್ಲ. ಎರಡನೆಯದಕ್ಕೆ ನನ್ನ ತಕರಾರಿಲ್ಲ. ಚಿತ್ರ ಭಜನೆಯಾಗದೆ ಉಳಿದದ್ದು ಬಹುಶಃ ಅದರಿಂದಲೇ. ಮೂರನೆಯದಕ್ಕೆ ಇದೆ. ಸಾರ್ವಜನಿಕರ ಹಣದಿಂದ ಉಳಿದ ಧ್ವನಿ ಸಾರ್ವಜನಿಕರ ಕಿವಿಗೆ ಬೀಳಲೇಬೇಕು ಎಂಬ ಕರಾರು ಮೊದಲೇ ಆಗಬೇಕು.

'ಮಂಥನ'ದ ಇನ್ನೊಂದು ಸಂಗತಿ. 2024ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿ ಕಾನ್ ಉತ್ಸವದಲ್ಲಿ ತೋರಿಸಿದರು. ಅದಕ್ಕೆ ಆಧಾರವಾದ ಮೂಲ ನೆಗೆಟಿವ್ ಸಿಕ್ಕದ್ದು ನಮ್ಮ ಪುಣೆಯ ಫಿಲ್ಮ್ ಆರ್ಕೈವಿನಲ್ಲಿ. ಹಾಲಿನವರ 2 ರೂಪಾಯಿ ಚಿತ್ರವನ್ನು ಹುಟ್ಟಿಸಿತು. ಯಾರೋ ತಣ್ಣನೆಯ ಕೋಣೆಯಲ್ಲಿ ಡಬ್ಬಿ ಕಾದು ಇಟ್ಟದ್ದು ಅದನ್ನು ಬದುಕಿಸಿತು.

ಆದ್ದರಿಂದ ಮಗನಿಗೆ ನನ್ನ ಉತ್ತರ: ಭೀಮಸೇನರ ಮೇಲೆ ಇನ್ನೊಂದು ಚಿತ್ರ ಮಾಡುತ್ತೇವೆಂದು ಯಾರಾದರೂ ಬಂದರೆ ನಾನು ಕೂಡಲೇ ಕಿಸೆಗೆ ಕೈ ಹಾಕಲಾರೆ. ಟೇಪು ಉಳಿಸುತ್ತೇವೆಂದು ಬಂದರೆ ಕೊಟ್ಟೇನು. ಡಿಸೆಂಬರಿನ ಸವಾಯಿ ಗಂಧರ್ವ ಮಹೋತ್ಸವಕ್ಕೆ ಟಿಕೆಟು ಕೊಂಡು, ಶಾಲು ಹೊದ್ದು ನೆಲದ ಮೇಲೆ ಕೂಡ್ರುವ ಕನ್ನಡ ಮನೆತನಗಳು ಈ ಊರಲ್ಲಿ ಎಷ್ಟಿಲ್ಲ? ನಮ್ಮ ಮನೆಗಳ ಅಟ್ಟದ ಮೇಲೆ ಭೀಮಸೇನ, ಮನಸೂರ, ಗಂಗೂಬಾಯಿ, ರಾಜಗುರು ಇವರ ಎಷ್ಟು ಕ್ಯಾಸೆಟ್ಟುಗಳಿವೆ ಎಂದು ಯಾರಾದರೂ ಎಣಿಸಿದ್ದಾರೆಯೇ? ಸಂಘದ ಮುಂದಿನ ಸಭೆಯಲ್ಲಿ ಒಂದು ಯಾದಿ ಮಾಡುವ ಸೂಚನೆ ಇಡಲಿದ್ದೇನೆ. ಅದಕ್ಕೆ ಬೇಕಾದದ್ದು ಒಂದು ವಹಿ, ಒಂದು ಪೆನ್ನು.

ನಮ್ಮ ತಂದೆಯವರ ಪೆಟ್ಟಿಗೆಯನ್ನು ಮೊನ್ನೆ ಇಳಿಸಿದೆ. ಅವರು ಧಾರವಾಡ ಆಕಾಶವಾಣಿಯ ಕಾರ್ಯಕ್ರಮಗಳನ್ನು ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿಯುತ್ತಿದ್ದರು. ಇಪ್ಪತ್ತಾರರಲ್ಲಿ ಒಂಬತ್ತಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಮಗ ಎಲ್ಲಿಂದಲೋ ಒಂದು ಹಳೆಯ ಡೆಕ್ ಹೊಂದಿಸಿಕೊಂಡು ಬಂದ. ಮೊದಲನೆಯದು ಮನಸೂರರದು. ತಾನಿನ ನಡುವೆ ಯಾರೋ ಕೆಮ್ಮಿದರು, ಕುಕ್ಕರು ಸೀಟಿ ಹೊಡೆಯಿತು. "ಯಾರಪ್ಪಾ ಇವರು ಕೆಮ್ಮಿದವರು?" ಎಂದ ಮಗ. ಅವನ ಅಜ್ಜ, ಇವನು ಹುಟ್ಟುವ ಮೊದಲೇ ಹೋದವರು. ಆ ಕೆಮ್ಮನ್ನು ಕತ್ತರಿಸಿ ತೆಗೆಯಬೇಡವೆಂದು ಹೇಳಿದ್ದೇನೆ.