ಹಾಡುವ ದನಗಾಹಿ: ತೆರೆಯ ಮೇಲಿನ ಕೌಬಾಯ್ ಹಾಗೂ ವಿಜಾಪುರ ಸೀಮೆಯ ಡೊಳ್ಳಿನ ಪದ

1

ಪಶುಪಾಲಕ ಸಮುದಾಯಗಳನ್ನು ಕುರಿತ ಬರವಣಿಗೆಯಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬಯಲಿನಲ್ಲಿ ಮಂದೆ ಮೇಯುತ್ತಿದೆ; ಕಾಯುವವನು ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಿದ್ದಾನೆ. ದುಡಿಮೆ ಮತ್ತು ಹಾಡು ಒಂದೇ ಉಸಿರಿನವು ಎಂಬ ನಂಬಿಕೆಯನ್ನು ಈ ಚಿತ್ರ ಬಿತ್ತುತ್ತದೆ. ಇದನ್ನು ಉದ್ಯಮವಾಗಿ ಬೆಳೆಸಿದ ಕೀರ್ತಿ ಅಮೆರಿಕದ ಹಾಲಿವುಡ್ಡಿಗೆ ಸಲ್ಲುತ್ತದೆ. 1930ರ ದಶಕದ ಮಧ್ಯಭಾಗದಿಂದ 1950ರ ದಶಕದ ಆರಂಭದವರೆಗೆ ಅಲ್ಲಿನ ಸ್ಟುಡಿಯೋಗಳು ತಯಾರಿಸಿದ 'ಹಾಡುವ ಕೌಬಾಯ್' ಚಿತ್ರಗಳು ದನಗಾಹಿಯನ್ನು ಗಾಯಕನನ್ನಾಗಿಯೂ ಗಾಯಕನನ್ನು ನಾಯಕನನ್ನಾಗಿಯೂ ಮಾಡಿದವು. ಕನ್ನಡದಲ್ಲಿಯೂ ಇಂಥ ಒಬ್ಬ ನಾಯಕನಿದ್ದಾನೆ. ಆತನ ಬೇರು ಅವಿಭಜಿತ ವಿಜಾಪುರ ಜಿಲ್ಲೆಯ ವೃತ್ತಿರಂಗಭೂಮಿಯಲ್ಲಿದೆ ಎಂಬುದು ಗಮನಾರ್ಹ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಕುರಿಗಾಹಿಗಳ ಹಾಡಿನ ಪರಂಪರೆಯನ್ನು ಎದುರಿಗಿಟ್ಟುಕೊಂಡು, ತೆರೆಯ ಮೇಲಿನ ಹಾಡುವ ದನಗಾಹಿಯ ಕಲ್ಪನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಅಮೆರಿಕದ ಟೆಕ್ಸಾಸಿನಿಂದ ಉತ್ತರದ ರೈಲುನಿಲ್ದಾಣಗಳಿಗೆ ದನಗಳನ್ನು ಹೊಡೆದುಕೊಂಡು ಹೋಗುವ ದೀರ್ಘ ಪಯಣಗಳು ಅಲ್ಲಿನ ಅಂತರ್ಯುದ್ಧದ ನಂತರ, ಅಂದರೆ 1860ರ ದಶಕದ ಉತ್ತರಾರ್ಧದಲ್ಲಿ ಆರಂಭವಾಗಿ ಸುಮಾರು ಎರಡು ದಶಕಗಳಲ್ಲಿ ಮುಗಿದುಹೋದವು. 1874ರಲ್ಲಿ ಪೇಟೆಂಟ್ ಪಡೆದ ಮುಳ್ಳುತಂತಿ ಹಾಗೂ ರೈಲುಮಾರ್ಗಗಳ ವಿಸ್ತರಣೆಗಳು ಬಯಲು ಮೇವಿನ ವ್ಯವಸ್ಥೆಯನ್ನು ಕೊನೆಗಾಣಿಸಿದವು. ಈ ಪಯಣಗಳಲ್ಲಿ ರಾತ್ರಿಯ ಕಾವಲಿನವರು ಮಂದೆಯ ಸುತ್ತ ನಿಧಾನವಾಗಿ ಕುದುರೆ ಸಾಗಿಸುತ್ತ ಹಾಡುತ್ತಿದ್ದರು. ದನಗಳು ಹಠಾತ್ ಸದ್ದಿಗೆ ಬೆದರಿ ಚದುರದಿರಲಿ, ಕತ್ತಲಲ್ಲಿ ಮನುಷ್ಯನ ಇರವು ಅವುಗಳಿಗೆ ತಿಳಿಯುತ್ತಿರಲಿ ಎಂಬುದು ಆ ಹಾಡಿನ ಪ್ರಯೋಜನ. ಅದರ ಶ್ರೋತೃವರ್ಗವೆಂದರೆ ದನಗಳೇ.

ಜಾನ್ ಲೋಮಾಕ್ಸ್ ಅವರು 1910ರಲ್ಲಿ ಕೌಬಾಯ್ ಹಾಡುಗಳ ಸಂಕಲನವನ್ನು ಪ್ರಕಟಿಸುವ ವೇಳೆಗೆ ಆ ದುಡಿಮೆಯ ಸಂದರ್ಭ ಇತಿಹಾಸವಾಗಿತ್ತು. ಸಂದರ್ಭ ಕಳಚಿದ ಹಾಡು ಪುಸ್ತಕಕ್ಕೆ ಬಂದಿತು. ಪುಸ್ತಕದಿಂದ ಧ್ವನಿಮುದ್ರಿಕೆಗೆ, ರೇಡಿಯೋಗೆ, ಅಲ್ಲಿಂದ ಸಿನಿಮಾಕ್ಕೆ ಸಾಗಿತು. 1935ರಲ್ಲಿ ಸ್ಥಾಪನೆಗೊಂಡ ರಿಪಬ್ಲಿಕ್ ಪಿಕ್ಚರ್ಸ್ ಸಂಸ್ಥೆಯ 'ಟಂಬ್ಲಿಂಗ್ ಟಂಬಲ್‌ವೀಡ್ಸ್' (1935) ಚಿತ್ರದ ಮೂಲಕ ರೇಡಿಯೋ ಗಾಯಕ ಜೀನ್ ಆಟ್ರಿ ನಾಯಕನಾದನು. 'ಅಂಡರ್ ವೆಸ್ಟರ್ನ್ ಸ್ಟಾರ್ಸ್' (1938) ಚಿತ್ರದೊಂದಿಗೆ ರಾಯ್ ರೋಜರ್ಸ್ ಅದೇ ಸಾಲಿಗೆ ಸೇರಿದನು. ಟೆಕ್ಸ್ ರಿಟ್ಟರ್ ವಿಶ್ವವಿದ್ಯಾಲಯದಲ್ಲಿ ಓದಿ, ಕೌಬಾಯ್ ಹಾಡುಗಳನ್ನು ಕುರಿತು ಉಪನ್ಯಾಸ ನೀಡುತ್ತಿದ್ದವನು. ಸಂಗ್ರಾಹಕನ ಕೋಣೆಗೂ ಚಿತ್ರನಿರ್ಮಾಣ ಶಾಲೆಗೂ ನಡುವೆ ಹೆಚ್ಚು ದೂರವಿರಲಿಲ್ಲ ಎಂಬುದಕ್ಕೆ ಈತನ ಉದಾಹರಣೆಯೇ ಸಾಕು.

ಈ ಚಿತ್ರಗಳಲ್ಲಿ ದನಗಾಹಿ ದನ ಕಾಯುವುದು ಅಪರೂಪ. ಅವನ ಉಡುಪು ಕಸೂತಿಯದು, ಕೈಯಲ್ಲಿ ಗಿಟಾರು. ಅವನ ಹಾಡು ದನಗಳಿಗಲ್ಲ, ಚಿತ್ರಮಂದಿರದಲ್ಲಿ ಕುಳಿತವರಿಗೆ. ಜೀನ್ ಆಟ್ರಿಯ ಬಹುಪಾಲು ಚಿತ್ರಗಳಲ್ಲಿ ಪಾತ್ರದ ಹೆಸರೂ ಜೀನ್ ಆಟ್ರಿಯೇ ಆಗಿರುತ್ತಿದ್ದುದು ಕಾಕತಾಳೀಯವಲ್ಲ. ದುಡಿಮೆಯ ಸಾಮೂಹಿಕ ದನಿ ಒಬ್ಬ ತಾರೆಯ ಸೊತ್ತಾಯಿತು. ಇನ್ನೊಂದು ಅಳಿಸುವಿಕೆಯೂ ನಡೆಯಿತು. ನಿಜಜೀವನದ ಕೌಬಾಯ್‌ಗಳಲ್ಲಿ ಕಪ್ಪು ಜನರೂ ಮೆಕ್ಸಿಕನ್ನರೂ ಗಣನೀಯ ಸಂಖ್ಯೆಯಲ್ಲಿದ್ದರು. ಆ ಕಸುಬಿನ ಪರಿಭಾಷೆಯ ದೊಡ್ಡ ಪಾಲು ಸ್ಪ್ಯಾನಿಷ್ ಮೂಲದ್ದು. ತೆರೆಯ ಮೇಲೆ ಉಳಿದದ್ದು ಮಾತ್ರ ಬಿಳಿಯ ನಾಯಕ. ಕಪ್ಪು ಪ್ರೇಕ್ಷಕರಿಗಾಗಿ 'ಹಾರ್ಲೆಮ್ ಆನ್ ದ ಪ್ರೇರಿ' (1937) ಚಿತ್ರದಲ್ಲಿ ಹರ್ಬ್ ಜೆಫ್ರೀಸ್ ಹಾಡುವ ಕೌಬಾಯ್ ಆಗಬೇಕಾಯಿತೆಂಬುದೇ ಮುಖ್ಯಧಾರೆಯಲ್ಲಿ ಏನು ಇಲ್ಲವಾಗಿತ್ತು ಎಂಬುದನ್ನು ಹೇಳುತ್ತದೆ.

3

ವಿಜಾಪುರ ಸೀಮೆಯ ಕುರಿಗಾಹಿ ಪರಂಪರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ, ನಡುವೆ ಡೋಣಿ ಹರಿಯುವ ಈ ಎರೆಯ ನೆಲದಲ್ಲಿ ಮಳೆ ಕಡಿಮೆ, ಬಿಳಿಜೋಳದ ಬೇಸಾಯ ಹೆಚ್ಚು. ಹಿಂಗಾರಿ ರಾಶಿ ಮುಗಿದ ಹೊಲಗಳಿಗೆ ಕುರಿಯ ಹಿಂಡುಗಳು ಇಳಿಯುತ್ತವೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಭೂಮಿಗೆ ಗೊಬ್ಬರ, ಕುರುಬರಿಗೆ ಕಾಳು. ಒಕ್ಕಲಿಗ ಮತ್ತು ಕುರಿಗಾಹಿಯ ಈ ಕೊಡುಕೊಳ್ಳುವಿಕೆ ಇಲ್ಲಿನ ಗ್ರಾಮವ್ಯವಸ್ಥೆಯ ಒಂದು ಮುಖ್ಯ ಕೊಂಡಿಯಾಗಿತ್ತು.

ಈ ಸಮುದಾಯದ ಹಾಡಿನ ಪ್ರಕಾರವೆಂದರೆ ಡೊಳ್ಳಿನ ಪದ. ಬೀರಪ್ಪ, ಮಾಳಿಂಗರಾಯ, ಅಮೋಘಸಿದ್ಧ ಮೊದಲಾದ ಹಾಲುಮತದ ಸಿದ್ಧಪುರುಷರ ಚರಿತ್ರೆಗಳು ಇದರ ವಸ್ತು. ವಿಜಾಪುರದ ಸಮೀಪದ ಅರಕೇರಿಯ ಅಮೋಘಸಿದ್ಧನ ಜಾತ್ರೆ, ಗಡಿಯಾಚೆ ಮಹಾರಾಷ್ಟ್ರದ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ನಡೆಯುವ ಮಾಳಿಂಗರಾಯನ ಜಾತ್ರೆ, ಪಲ್ಲಕ್ಕಿಗಳ ಭೇಟಿ ಇವು ಆ ಹಾಡಿನ ಸಂದರ್ಭಗಳು. ಇಂಡಿ ಭಾಗದ ಭಕ್ತರಿಗೆ ಹುಲಜಂತಿ ಹೊರನಾಡಲ್ಲ. ಭಾಷಾವಾರು ಗಡಿ ಹುಟ್ಟುವ ಮೊದಲೇ ಪಲ್ಲಕ್ಕಿಗಳ ದಾರಿ ಹುಟ್ಟಿತ್ತು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಡೊಳ್ಳಿನ ಪದವು ಅಡವಿಯ ಹಾಡಲ್ಲ, ಗುಡಿಯ ಹಾಡು. ಅದನ್ನು ಕುರಿಗಾಹಿ ಒಬ್ಬನೇ ಹಾಡುವುದಿಲ್ಲ, ಮೇಳ ಹಾಡುತ್ತದೆ. ಮುಂದಿನವರು ಎತ್ತಿಕೊಟ್ಟ ನುಡಿಯನ್ನು ಹಿಂದಿನವರು ಹಿಡಿಯುತ್ತಾರೆ. ಎದುರು ಮೇಳ ಪ್ರಶ್ನೆ ಹಾಕುತ್ತದೆ, ಈ ಮೇಳ ಪುರಾಣ ತೆರೆದು ಉತ್ತರಿಸುತ್ತದೆ. ರಾತ್ರಿಯೆಲ್ಲ ನಡೆಯುವ ಈ ವಾದದಲ್ಲಿ ಕಂಠಕ್ಕಿಂತ ತಿಳಿವಳಿಕೆಗೆ, ಸೊಗಸಿಗಿಂತ ನೆನಪಿಗೆ ಮನ್ನಣೆ. ಇದೇ ಭಾಗದ ಗೀಗೀ ಪದದ ಹರದೇಶಿ ನಾಗೇಶಿ ವಾದದಲ್ಲಿಯೂ ಇದೇ ತತ್ವವಿದೆ. ಅಂದರೆ ಕೇಳುಗನೇ ಪರೀಕ್ಷಕ. ಹಾಡು ತಪ್ಪಿದರೆ ಎತ್ತಿ ತೋರಿಸುವ ಅಧಿಕಾರ ಅವನಿಗಿದೆ. ಚಿತ್ರಮಂದಿರದ ಪ್ರೇಕ್ಷಕನಿಗೆ ಈ ಅಧಿಕಾರವಿಲ್ಲ.

ಹಾಗಾದರೆ ಮೇವಿನ ಬಯಲಿನಲ್ಲಿ ಕುರಿಗಾಹಿ ಹಾಡುವುದೇ ಇಲ್ಲವೆ? ಹಾಡಬಹುದು. ಆದರೆ ಅವನ ದುಡಿಮೆಯ ನಿಜವಾದ ಉಕ್ತಿಗಳು ಹಾಡುಗಳಲ್ಲ. ನಾಲಿಗೆಯ ಲೊಚಗುಟ್ಟುವಿಕೆ, ಸಿಳ್ಳು, ಹಿಂಡನ್ನು ತಿರುಗಿಸುವ ಕೂಗು, ನೀರಿಗೆ ಕರೆಯುವ ದನಿ, ಬಣ್ಣ ಕಿವಿ ಕೊಂಬುಗಳನ್ನು ನೋಡಿ ಒಂದೊಂದು ಕುರಿಯನ್ನೂ ಗುರುತಿಸಿ ಕರೆಯುವ ಮಾತು ಇವು ಆ ಕಸುಬಿನ ಭಾಷೆ. ಅಮೆರಿಕದ ರಾತ್ರಿ ಕಾವಲಿನ ಹಾಡಿಗೆ ನಿಜವಾದ ಸಂವಾದಿ ಇರುವುದು ಡೊಳ್ಳಿನ ಪದದಲ್ಲಲ್ಲ, ಪ್ರಾಣಿಯನ್ನೇ ಕೇಳುಗನನ್ನಾಗಿ ಉಳ್ಳ ಈ ಕೂಗುಗಳಲ್ಲಿ. ಎರಡನ್ನೂ ಒಂದೇ ಎಂದು ಭಾವಿಸುವುದು ಹಾಲಿವುಡ್ ಮಾಡಿದ ತಪ್ಪನ್ನೇ ವಿದ್ವತ್ತಿನ ಹೆಸರಿನಲ್ಲಿ ಮಾಡಿದಂತಾಗುತ್ತದೆ.

4

ಕನ್ನಡ ಸಿನಿಮಾದಲ್ಲಿ ಪಾಶ್ಚಾತ್ಯ ಕೌಬಾಯ್ ವೇಷದ ಅನುಕರಣೆ ನಡೆದಿಲ್ಲವೆಂದಲ್ಲ. ದ್ವಾರಕೀಶ್ ಅಭಿನಯದ 'ಕೌಬಾಯ್ ಕುಳ್ಳ' (1973) ಅಂಥದೊಂದು ಯತ್ನ. ಟೊಪ್ಪಿಗೆ, ಪಿಸ್ತೂಲು, ಕುದುರೆಗಳು ಬಂದ ಮಾತ್ರಕ್ಕೆ ಆ ಪ್ರಕಾರವು ನೆಲಕ್ಕೆ ಒಗ್ಗುವುದಿಲ್ಲವಾದ್ದರಿಂದ ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮರುವರ್ಷವೇ ತೆರೆಕಂಡ 'ಸಂಪತ್ತಿಗೆ ಸವಾಲ್' (1974) ಮಾತ್ರ ಯಾವ ಅನುಕರಣೆಯ ಹಂಗೂ ಇಲ್ಲದೆ ಹಾಡುವ ದನಗಾಹಿಯನ್ನು ಸೃಷ್ಟಿಸಿತು. ಕೃಷ್ಣೆಯ ದಕ್ಷಿಣಕ್ಕಿರುವ, ಮುದ್ದೇಬಿಹಾಳಕ್ಕೆ ನೆರೆಯ ಹುನಗುಂದ ತಾಲ್ಲೂಕಿನ ಸೂಳೇಭಾವಿಯ ನಾಟಕಕಾರ ಪಿ.ಬಿ. ಧುತ್ತರಗಿಯವರ ನಾಟಕ ಇದಕ್ಕೆ ಆಧಾರ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರ್ಪಡುವವರೆಗೆ ಹುನಗುಂದವೂ ವಿಜಾಪುರ ಜಿಲ್ಲೆಯದೇ. ಎ.ವಿ. ಶೇಷಗಿರಿರಾವ್ ಅವರ ನಿರ್ದೇಶನ, ಜಿ.ಕೆ. ವೆಂಕಟೇಶ್ ಅವರ ಸಂಗೀತ, ರಾಜಕುಮಾರ್, ಮಂಜುಳಾ, ವಜ್ರಮುನಿ ಅವರ ಅಭಿನಯಗಳಿಂದ ಚಿತ್ರ ಜನಪ್ರಿಯವಾಯಿತು.

ನಾಯಕ ಭದ್ರ ಎಮ್ಮೆಯ ಬೆನ್ನೇರಿ ಹಾಡುವ ದೃಶ್ಯ ಕನ್ನಡಿಗರ ನೆನಪಿನಲ್ಲಿ ಅಳಿಯದೆ ಉಳಿದಿದೆ. ಚಿ. ಉದಯಶಂಕರ್ ರಚಿಸಿದ ಆ ಗೀತೆಯನ್ನು ರಾಜಕುಮಾರ್ ತಾವೇ ಹಾಡಿದರು. ಅದುವರೆಗೆ ಬಹುತೇಕ ಪಿ.ಬಿ. ಶ್ರೀನಿವಾಸ್ ಅವರ ಕಂಠದಲ್ಲಿ ಹಾಡುತ್ತಿದ್ದ ನಾಯಕನಿಗೆ ಇಲ್ಲಿಂದ ಮುಂದೆ ತನ್ನದೇ ಕಂಠ ದೊರೆಯಿತು. ಕನ್ನಡದ ಮೇರುನಟನು ಗಾಯಕನಾಗಿ ನೆಲೆನಿಂತದ್ದು ದನಗಾಹಿಯ ಪಾತ್ರದ ಮೂಲಕ ಎಂಬುದು ಸಾಂಸ್ಕೃತಿಕವಾಗಿ ಅರ್ಥಪೂರ್ಣವಾದುದು.

ಎಮ್ಮೆಯ ಆಯ್ಕೆಯೇ ಒಂದು ವಿಮರ್ಶೆ. ಕುದುರೆ ಒಡೆತನದ, ವೇಗದ, ಆಳುವವರ ವಾಹನ. ಎಮ್ಮೆ ಹಾಗಲ್ಲ. ಕಪ್ಪು ಮೈ, ನಿಧಾನಗತಿ, ಕೆಸರಿನ ಸಹವಾಸ ಇವುಗಳಿಂದಾಗಿ ನಾಡಿನ ಗಾದೆಗಳಲ್ಲಿ ಅದಕ್ಕೆ ನಿಂದೆಯೇ ಹೆಚ್ಚು. ಪುರಾಣದಲ್ಲಿ ಅದರ ಗಂಡು ಯಮನ ವಾಹನ. ಜೀನ್ ಆಟ್ರಿಯ ಕುದುರೆ ಚಾಂಪಿಯನ್, ರಾಯ್ ರೋಜರ್ಸನ ಕುದುರೆ ಟ್ರಿಗರ್ ಇವು ನಾಯಕನ ಮೆರುಗನ್ನು ಹೆಚ್ಚಿಸುವ ಅಲಂಕಾರಗಳಾದರೆ, ಭದ್ರನ ಎಮ್ಮೆ ಸಿರಿವಂತಿಕೆಯ ಸೊಕ್ಕಿಗೆ ಒಡ್ಡಿದ ಪ್ರತಿಮೆ. ಲೋಕದ ಗದ್ದಲಕ್ಕೆ ವಿಚಲಿತವಾಗದ ಎಮ್ಮೆಯ ಸೈರಣೆಯನ್ನು ಹಾಡು ಕೊಂಡಾಡುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದು ಎಮ್ಮೆಯನ್ನೇ ಸಂಬೋಧಿಸುತ್ತದೆ. ಅರ್ಥದ ದೃಷ್ಟಿಯಿಂದ ಊರವರನ್ನು. ಪ್ರಾಣಿಗೆ ಹಾಡುವ ದನಗಾಹಿ ಹಾಗೂ ಪ್ರೇಕ್ಷಕರಿಗೆ ಹಾಡುವ ತಾರೆ ಇಬ್ಬರೂ ಒಂದೇ ಸಂಬೋಧನೆಯಲ್ಲಿ ಕೂಡಿರುವುದು ಈ ಗೀತೆಯ ವೈಶಿಷ್ಟ್ಯ. ಹಾಲಿವುಡ್ಡಿನ ಮಾದರಿಗೆ ಈ ಮಟ್ಟದ ನೆಲದ ಗುಣ ದಕ್ಕಿದ್ದು ವಿರಳ.

ಆದರೆ ಮಿತಿಗಳನ್ನೂ ಮರೆಯುವಂತಿಲ್ಲ. ಹಾಡಿನ ಭಾಷೆ ವಿಜಾಪುರ ಸೀಮೆಯದಲ್ಲ. ಅದರಲ್ಲಿ ಬೀರಪ್ಪನಿಲ್ಲ, ಮೇಳವಿಲ್ಲ, ಎದುರು ಸವಾಲು ಹಾಕುವವರಿಲ್ಲ. ಕುಲದ ಗುರುತು, ದೈವದ ಗುರುತು ಕಳಚಿದ ಮೇಲೆಯೇ ದನಗಾಹಿ ಎಲ್ಲರ ನಾಯಕನಾಗಬಲ್ಲನೆಂಬ ಸಿನಿಮಾದ ತರ್ಕ ಇಲ್ಲಿಯೂ ಕೆಲಸ ಮಾಡಿದೆ. ಚಿತ್ರದ ಹೆಸರಿನಲ್ಲಿರುವ ಸವಾಲು ಕಡೆಗೆ ಸಂಪತ್ತಿನ ವ್ಯವಸ್ಥೆಗಿಂತ ಹೆಚ್ಚಾಗಿ ಸಿರಿವಂತರ ಮನೆಯ ಸೊಕ್ಕಿನ ಹೆಣ್ಣಿಗೆ ಹಾಕಿದ ಸವಾಲಾಗಿ ಪರಿಣಮಿಸುತ್ತದೆ. ಹೆಣ್ಣನ್ನು ಬಗ್ಗಿಸುವುದರಲ್ಲಿ ಬಡವನ ಗೆಲುವನ್ನು ಕಾಣುವ ಈ ನೋಟಕ್ಕೆ ಪ್ರತಿಯಾಗಿ, ಹರದೇಶಿ ನಾಗೇಶಿ ವಾದದಲ್ಲಿ ಹೆಣ್ಣಿನ ಪಕ್ಷ ಹಿಡಿದ ನಾಗೇಶಿ ಮೇಳವು ಎದುರು ನಿಂತು ಉತ್ತರ ಹೇಳುತ್ತದೆ. ಸಿನಿಮಾದ ದುರ್ಗೆಗೆ ಅಂಥ ಮೇಳ ದೊರೆಯಲಿಲ್ಲ.

5

ಹಾಡುವ ಕೌಬಾಯ್ ಚಿತ್ರಗಳಲ್ಲಿ ನೀರು ಒಂದು ಪ್ರಮುಖ ವಸ್ತುವಾಗಿತ್ತೆಂಬುದು ಈ ಸೀಮೆಯ ಓದುಗರಿಗೆ ವಿಶೇಷವಾಗಿ ತಟ್ಟಬೇಕಾದ ಸಂಗತಿ. ಆರ್ಥಿಕ ಕುಸಿತ ಮತ್ತು ಬರಗಳ ಕಾಲದಲ್ಲಿ ಬಂದ 'ರೆಡ್ ರಿವರ್ ವ್ಯಾಲಿ' (1936) ಚಿತ್ರದಲ್ಲಿ ನೀರಾವರಿ ಅಣೆಕಟ್ಟಿನ ಕೆಲಸಕ್ಕೆ ಅಡ್ಡಿ ಮಾಡುವವರನ್ನು ನಾಯಕನು ಪತ್ತೆಹಚ್ಚುತ್ತಾನೆ. 'ಅಂಡರ್ ವೆಸ್ಟರ್ನ್ ಸ್ಟಾರ್ಸ್' ಚಿತ್ರದಲ್ಲಿ ಬರಪೀಡಿತರಿಗೆ ನೀರು ತರಲು ಹಾಡುಗಾರ ನಾಯಕ ಜನಪ್ರತಿನಿಧಿಯೇ ಆಗುತ್ತಾನೆ. ನೀರು ಬಂದಿತೆಂದರೆ ಕಥೆ ಸುಖಾಂತ.

ಕೃಷ್ಣೆಯ ದಂಡೆಯಲ್ಲಿ ಕಥೆ ಅಷ್ಟು ಸರಳವಾಗಿ ಮುಗಿಯಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು, ಅಂದಿನ ಬಸವನ ಬಾಗೇವಾಡಿ ತಾಲ್ಲೂಕಿನ ಚಹರೆಯನ್ನೇ ಬದಲಿಸಿತು. 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ಲೋಕಾರ್ಪಣೆಗೊಳಿಸಿದರು. ಶತಮಾನಗಳ ಬರಕ್ಕೆ ನೀರು ಉತ್ತರವಾಯಿತೆಂಬುದು ನಿಜ. ನದಿದಂಡೆಯ ಊರುಗಳು ಮುಳುಗಿದಾಗ ಮೇವಿನ ನೆಲಗಳೂ ಮುಳುಗಿದವೆಂಬುದೂ ಅಷ್ಟೇ ನಿಜ. ಕಾಲುವೆ ಬಂದ ಹೊಲದಲ್ಲಿ ಬೆಳೆಯ ಮೇಲೆ ಬೆಳೆ ನಿಲ್ಲುವುದರಿಂದ ರಾಶಿಯಾದ ಮೇಲಿನ ಬಯಲು ಕುರಿಗಾಹಿಗೆ ಮೊದಲಿನಂತೆ ದೊರೆಯುವುದಿಲ್ಲ. ಮುಳುಗಿದ ಹೊಲಕ್ಕೆ ಲೆಕ್ಕವಿದೆ, ಮನೆಗೆ ಲೆಕ್ಕವಿದೆ. ಹಿಂಡು ನಡೆದ ದಾರಿಗೆ ಯಾವ ದಫ್ತರಿನಲ್ಲೂ ಹೆಸರಿಲ್ಲ. ಅಮೆರಿಕದಲ್ಲಿ ಮುಳ್ಳುತಂತಿ ಮಾಡಿದ್ದನ್ನು ಇಲ್ಲಿ ಕಾಲುವೆ ಮಾಡಿತೆನ್ನಬಹುದು. ವ್ಯತ್ಯಾಸವಿಷ್ಟೆ: ಅಲ್ಲಿ ದುಡಿಮೆ ಅಳಿದ ಮೇಲೆ ಹಾಡು ಸಿನಿಮಾವಾಯಿತು; ಇಲ್ಲಿ ದುಡಿಮೆಯೂ ಹಾಡೂ ಕುಗ್ಗಿದರೂ ಎರಡೂ ಇನ್ನೂ ಉಳಿದಿವೆ.

6

ಈ ಚರ್ಚೆಯು ಕಡೆಗೆ ಜಾನಪದ ಅಧ್ಯಯನದ ಕಡೆಗೇ ಮರಳಬೇಕಾಗುತ್ತದೆ. ಇಂಡಿ ಭಾಗದ ಹಲಸಂಗಿಯ ಗೆಳೆಯರ ಗುಂಪು ಕನ್ನಡ ಜಾನಪದಕ್ಕೆ ನೀಡಿದ ಕಾಣಿಕೆ ಅನುಪಮವಾದುದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಶ್ರಮದಿಂದ 'ಗರತಿಯ ಹಾಡು' (1931) ಮೊದಲಾದ ಸಂಕಲನಗಳು ಬೆಳಕು ಕಂಡವು. ಬೀಸುವ ಕಲ್ಲಿನ ತ್ರಿಪದಿಗಳು ಆಗ ಸಂಗ್ರಹವಾಗದಿದ್ದರೆ ಗಿರಣಿಯ ಸದ್ದಿನಲ್ಲಿ ಅಡಗಿಹೋಗುತ್ತಿದ್ದವು. ಆದರೂ ಆ ಕಾಲದಿಂದ ಈವರೆಗಿನ ಸಂಗ್ರಹಕಾರ್ಯ ಒಟ್ಟಾರೆಯಾಗಿ ಕಾವ್ಯವೆನಿಸಿದ್ದನ್ನು ಮಾತ್ರ ಎತ್ತಿಕೊಂಡಿತು. ಬೀಸುವವಳ ಹಾಡು ದೊರೆಯಿತು. ಬೀಸುವ ಕೈಯ ಲೆಕ್ಕ ದೊರೆಯಲಿಲ್ಲ. ಮುಂದೆ ಡೊಳ್ಳಿನ ಪದಗಳೂ ಹಾಲುಮತ ಪುರಾಣಗಳೂ ಅಚ್ಚಾದವು. ಕುರಿ ಕರೆಯುವ ಕೂಗು, ಮೇವಿನ ದಾರಿಗಳ ಹೆಸರು, ರೋಗ ಗುರುತಿಸುವ ಮಾತುಗಳಿಗೆ ಹಾಡಿಗೆ ದೊರೆತ ಮನ್ನಣೆ ದೊರೆಯಲಿಲ್ಲ. ಹಾಲಿವುಡ್ ತನ್ನ ದನಗಾಹಿಯಿಂದ ದನಗಳನ್ನು ದೂರಮಾಡಿ ಹಾಡನ್ನು ಇಟ್ಟುಕೊಂಡಿತೆಂದು ಆಕ್ಷೇಪಿಸುವ ವಿದ್ವತ್ತು ತಾನೂ ಅದನ್ನೇ ಮಾಡಿದ ಕಡೆಗಳನ್ನು ಗುರುತಿಸಬೇಕು.

ಹಾಡುವ ಕೌಬಾಯ್ ಒಂದು ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಜನರು ಅದನ್ನು ಪ್ರೀತಿಸಿದ್ದು ಸುಳ್ಳಲ್ಲ. ಭದ್ರನ ಎಮ್ಮೆಯನ್ನು ಪ್ರೀತಿಸಿದ್ದೂ ಸುಳ್ಳಲ್ಲ. ಕೀಳೆಂದು ಎಣಿಸಿದ ಕಸುಬಿಗೆ ದನಿಯಿದೆ, ಘನತೆಯಿದೆ ಎಂಬ ಮಾತನ್ನು ಆ ಚಿತ್ರಗಳು ಲಕ್ಷಾಂತರ ಜನರಿಗೆ ತಲುಪಿಸಿದವು. ಆದರೆ ದನಿಗೆ ಮನ್ನಣೆ ಕೊಟ್ಟು ದಾರಿಯನ್ನು ಕಸಿದುಕೊಂಡರೆ ಆ ಘನತೆ ಪೂರ್ಣವಾಗದು. ಮುದ್ದೇಬಿಹಾಳದ ಎರೆಯಲ್ಲಿ, ಸಿಂದಗಿಯ ಬಯಲಿನಲ್ಲಿ ಹಿಂಡಿನ ಹಿಂದೆ ನಡೆಯುವ ಹಿರಿಯರ ಬಾಯಲ್ಲಿ ಇಂದಿಗೂ ಆ ಕೂಗುಗಳಿವೆ, ದಾರಿಗಳ ಹೆಸರುಗಳಿವೆ. ಪದಗಳ ಜೊತೆಗೆ ಅವುಗಳನ್ನೂ ದಾಖಲಿಸುವ ಕೆಲಸ ಇನ್ನು ತಡವಾಗಬಾರದು.