ದೂರು ಕೇಳುವ ಸರ್ಕಾರ, ಮೊರೆ ಕೇಳದ ಸರ್ಕಾರ

ಸರ್ಕಾರ ಎಂದರೆ ಯಾರು? ವೈಟ್‌ಫೀಲ್ಡಿನ ಯಾವುದಾದರೂ ವಸತಿ ಸಮುಚ್ಚಯದ ನಿವಾಸಿಯನ್ನು ಹೀಗೆ ಕೇಳಿದರೆ, ತೆರಿಗೆ ಕಟ್ಟಿಸಿಕೊಳ್ಳುವ ಕಛೇರಿ, ಬೀದಿದೀಪ ಕೆಟ್ಟಾಗ ದೂರು ಹೇಳಬಹುದಾದ ಅಧಿಕಾರಿ, ಚುನಾವಣೆಯ ಕಾಲಕ್ಕೆ ಮನೆ ಬಾಗಿಲಿಗೆ ಬರುವ ಪ್ರತಿನಿಧಿ ಎಂಬ ಉತ್ತರ ಬಂದೀತು. ಅದೇ ಸಮುಚ್ಚಯದ ಕಾಂಪೌಂಡಿನಾಚೆ, ತಗಡು ಮತ್ತು ನೀಲಿ ಪ್ಲಾಸ್ಟಿಕ್ ಹೊದಿಸಿದ ಶೆಡ್ಡಿನಲ್ಲಿ ಬಾಳುವ ಗಾರೆ ಕೆಲಸದವನನ್ನು ಕೇಳಿದರೆ? ಜಾಗ ಖಾಲಿ ಮಾಡಿಸಲು ಜೆಸಿಬಿಯೊಡನೆ ಬರುವವರೇ ಅವನ ಪಾಲಿಗೆ ಸರ್ಕಾರ. ಒಂದೇ ಗೋಡೆಯ ಎರಡು ಬದಿಗಳಲ್ಲಿ ಒಂದೇ ಸರ್ಕಾರ ಎರಡು ಮುಖಗಳನ್ನು ತೋರುತ್ತಿದೆ ಎಂದರೆ, ಆ ಗೋಡೆಯ ಈ ಬದಿಯಲ್ಲಿರುವ ನಾವೂ ಒಂದಿಷ್ಟು ಯೋಚಿಸಬೇಕಾಗುತ್ತದೆ.

ಆಡಳಿತವನ್ನು ಪ್ರಶ್ನಿಸುವ ಸಾಧನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾಯಿದೆ ಬಂದದ್ದು 2005ರಲ್ಲಿ. ಕರ್ನಾಟಕ 2000ದಲ್ಲಿಯೇ ತನ್ನದೊಂದು ಕಾಯಿದೆ ಮಾಡಿಕೊಂಡಿತ್ತು. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಸಕಾಲ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿಗದಿತ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕನ್ನು ಅದು ನಾಗರಿಕನಿಗೆ ಕೊಟ್ಟಿತು. ಆದರೂ ದುರ್ಬಲರ ಬಾಗಿಲಿಗೆ ಸೇವೆ ಏಕೆ ತಡವಾಗಿ ಬರುತ್ತದೆ, ಶಿಕ್ಷೆ ಏಕೆ ಬೇಗ ಬರುತ್ತದೆ? ನಮ್ಮ ಕಣ್ಣೆದುರೇ ನಡೆದ ಕೆಲವು ಘಟನೆಗಳನ್ನು, ಅವುಗಳ ಹಿಂದಿದ್ದ ಸರ್ಕಾರಿ ಕಾಗದಗಳನ್ನು ಅವಲೋಕಿಸಿದಾಗ ಉತ್ತರ ಸ್ವಲ್ಪ ಸ್ವಲ್ಪವಾಗಿ ಸ್ಪಷ್ಟವಾಗುತ್ತದೆ.

ಕರಿಯಮ್ಮನ ಅಗ್ರಹಾರದಲ್ಲಿ

2020ರ ಜನವರಿ. ವೈಟ್‌ಫೀಲ್ಡಿನಂತೆಯೇ ಮಹದೇವಪುರ ಕ್ಷೇತ್ರಕ್ಕೆ ಸೇರಿದ ಕರಿಯಮ್ಮನ ಅಗ್ರಹಾರ ಮತ್ತು ಅದರ ಸುತ್ತಲಿನ ಪ್ರದೇಶಗಳಲ್ಲಿ ಕೂಲಿ ಕಾರ್ಮಿಕರ ಶೆಡ್ಡುಗಳಿದ್ದವು. ಅಲ್ಲಿ ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರು ನೆಲೆಸಿದ್ದಾರೆಂಬ ದೃಶ್ಯತುಣುಕೊಂದು ಮೊಬೈಲುಗಳಲ್ಲಿ ಹರಿದಾಡಿತು, ವಾಹಿನಿಗಳಲ್ಲಿ ಸುದ್ದಿಯಾಯಿತು. ಶೆಡ್ಡುಗಳನ್ನು ತೆರವುಗೊಳಿಸುವಂತೆ ಪೊಲೀಸರು ಜಾಗದ ಮಾಲೀಕರಿಗೆ ನೋಟಿಸ್ ಕೊಟ್ಟರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅಭಿಯಂತರರೊಬ್ಬರು ತೆರವು ಕಾರ್ಯಕ್ಕೆ ರಕ್ಷಣೆ ಕೋರಿ ಪೊಲೀಸರಿಗೆ ಪತ್ರ ಬರೆದರು. ಜನವರಿ 18 ಮತ್ತು 19ರಂದು ನೂರಾರು ಕುಟುಂಬಗಳ ತಲೆಯ ಮೇಲಿನ ತಗಡು ನೆಲಕ್ಕೆ ಬಿತ್ತು.

ಈ ಕಾಗದಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಅಭಿಯಂತರರ ಪತ್ರಕ್ಕೆ ಆಧಾರ ಯಾವುದು? ಮಾಧ್ಯಮದ ವರದಿ ಮತ್ತು ಸಾರ್ವಜನಿಕರ ದೂರು. ಮನೆಮನೆಗೆ ಹೋಗಿ ಗುರುತಿನ ಚೀಟಿ ನೋಡಿದ ದಾಖಲೆ ಅದರಲ್ಲಿ ಇರಲಿಲ್ಲ. ಪೊಲೀಸರ ನೋಟಿಸ್ ಯಾರಿಗೆ ಹೋಯಿತು? ಜಾಗದ ಒಡೆಯನಿಗೆ, ಆ ಜಾಗದಲ್ಲಿ ಮಕ್ಕಳುಮರಿಗಳೊಡನೆ ಮಲಗುತ್ತಿದ್ದವರಿಗೆ ಅಲ್ಲ. ‘ಸಾರ್ವಜನಿಕರು’ ಎಂಬ ಪದದೊಳಗೆ ದೂರು ಕೊಟ್ಟವರು ಸೇರಿದ್ದರು, ದೂರಿಗೆ ಗುರಿಯಾದವರು ಸೇರಿರಲಿಲ್ಲ. ನಮ್ಮ ಆಡಳಿತ ಭಾಷೆಯ ದೊಡ್ಡ ದೋಷ ಇಲ್ಲಿದೆ ಎನ್ನದೆ ವಿಧಿಯಿಲ್ಲ. ಬಡವನನ್ನು ಕುರಿತು ಅದು ಪುಟಗಟ್ಟಲೆ ಬರೆಯುತ್ತದೆ. ಅವನಿಗೆಂದು ಒಂದು ಸಾಲನ್ನೂ ಬರೆಯುವುದಿಲ್ಲ.

ಶೆಡ್ಡುಗಳು ಉರುಳಿದ ಮೇಲೆ ಅವರು ಯಾರೆಂಬುದು ತಿಳಿಯಿತು. ಪತ್ರಕರ್ತರ ಮುಂದೆ ಅವರು ಆಧಾರ್ ಕಾರ್ಡುಗಳನ್ನೂ ಮತದಾರರ ಚೀಟಿಗಳನ್ನೂ ಹಿಡಿದು ನಿಂತರು. ಅಸ್ಸಾಂ, ತ್ರಿಪುರಾಗಳಿಂದ ಬಂದವರಿದ್ದರು. ನಮ್ಮದೇ ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರೂ ಇದ್ದರು. ಮೇಲಧಿಕಾರಿಗಳು, ಪಾಲಿಕೆ ಇದಕ್ಕೆ ಅನುಮತಿ ಕೊಟ್ಟಿರಲಿಲ್ಲವೆಂದರು. ಪತ್ರ ಬರೆದ ಅಭಿಯಂತರರನ್ನು ಆ ಹುದ್ದೆಯಿಂದ ಬಿಡುಗಡೆ ಮಾಡಲಾಯಿತು. ಪಿಯುಸಿಎಲ್ ಸಂಘಟನೆ ಉಚ್ಚ ನ್ಯಾಯಾಲಯದ ಮೊರೆ ಹೋಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠವು ತೆರವಿಗೆ ತಡೆ ನೀಡಿತು. ಹೀಗೆ ಮನೆ ಕಸಿಯುವುದು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿಗೆ ವಿರುದ್ಧವೆಂದು ಕಂಡು, ಪುನರ್ವಸತಿಯ ಬಗ್ಗೆ ಸರ್ಕಾರವನ್ನು ಪ್ರಶ್ನಿಸಿತು.

ಅಕ್ರಮವಾಗಿ ಗಡಿ ದಾಟಿ ಬಂದವರನ್ನು ಪತ್ತೆಹಚ್ಚಬಾರದೇ ಎಂದು ಕೆಲವರು ಕೇಳಿಯಾರು. ಪತ್ತೆಹಚ್ಚುವುದು ಸರ್ಕಾರದ ಕರ್ತವ್ಯವೇ ಹೌದು. ಅದಕ್ಕೆ ಕಾನೂನಿದೆ, ಕ್ರಮವಿದೆ, ವಿಚಾರಣೆಯಿದೆ. ಮೊದಲು ಮನೆ ಕೆಡವಿ ಆಮೇಲೆ ಹೆಸರು ಕೇಳುವುದು ಆ ಕ್ರಮವಲ್ಲ.

ಒಂದು ದಿನದ ಅಂತರದ ಎರಡು ಮಾತುಗಳು

ಅದೇ ವರ್ಷದ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಿತು. ಕಟ್ಟಡದ ಕೆಲಸ ನಿಂತಿತು, ಕೂಲಿ ನಿಂತಿತು, ಊರಿಗೆ ಹೋಗುವ ಬಸ್ಸು ರೈಲುಗಳೂ ನಿಂತವು. ಮೇ ಮೊದಲ ವಾರ ವಲಸೆ ಕಾರ್ಮಿಕರಿಗೆಂದು ವಿಶೇಷ ರೈಲುಗಳು ಹೊರಟಾಗ, ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿರುವ ಮಾದಾವರದ ವಸ್ತುಪ್ರದರ್ಶನ ಕೇಂದ್ರದ ಬಳಿ ಗಂಟುಮೂಟೆ ಹೊತ್ತ ಜನ ಕಿಕ್ಕಿರಿದು ಸೇರಿದರು. ಮೇ 5ರಂದು ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಪಕರ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿದರು. ಅದೇ ದಿನ, ಮರುದಿನದಿಂದ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ನೈರುತ್ಯ ರೈಲ್ವೆಗೆ ಪತ್ರ ಬರೆಯಿತು. ಮೇ 6ರಂದು 1,610 ಕೋಟಿ ರೂಪಾಯಿಗಳ ಪರಿಹಾರ ಘೋಷಣೆಯಾಯಿತು. ಅದರಲ್ಲಿ, ಈಗಾಗಲೇ ಘೋಷಿಸಿದ್ದ ತಲಾ 2,000 ರೂಪಾಯಿಯ ಜೊತೆಗೆ 15.80 ಲಕ್ಷ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಇನ್ನೂ 3,000 ರೂಪಾಯಿ ಕೊಡುವ ಭರವಸೆಯಿತ್ತು.

ಒಂದು ದಿನ ಊರಿಗೆ ಹೋಗುವ ಸ್ವಾತಂತ್ರ್ಯವನ್ನೇ ತಡೆದು, ಮರುದಿನ ನೆರವು ಸಾರುವ ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಆಡಳಿತದ ಮನಸ್ಸು ಅರ್ಥವಾಗುತ್ತದೆ. ಹಣ ಕೊಡಲು ಅದಕ್ಕೆ ಮನಸ್ಸಿತ್ತು, ಆ ಹಣ ಅನೇಕ ಮನೆಗಳ ಒಲೆ ಉರಿಸಿತು. ಆ ಮಟ್ಟಿಗೆ ಮೆಚ್ಚಬೇಕು. ಆದರೆ ಕಾರ್ಮಿಕನ ಅಭಿಪ್ರಾಯ ಕೇಳಲು ಅದಕ್ಕೆ ಮನಸ್ಸಿರಲಿಲ್ಲ. ಅವನ ಭವಿಷ್ಯವನ್ನು ಚರ್ಚಿಸಿದ ಕೋಣೆಯಲ್ಲಿ ಅವನನ್ನು ಕೆಲಸಕ್ಕಿಟ್ಟುಕೊಳ್ಳುವವರು ಇದ್ದರು, ಅವನು ಇರಲಿಲ್ಲ. ನಾಡಿನಾದ್ಯಂತ ಟೀಕೆ ಎದ್ದ ಮೇಲೆ ಎರಡೇ ದಿನದಲ್ಲಿ ಸರ್ಕಾರ ಮನಸ್ಸು ಬದಲಿಸಿತು. ಉಚ್ಚ ನ್ಯಾಯಾಲಯದ ಪ್ರಶ್ನೆಗಳ ನಂತರ ಮೇ ಕೊನೆಯವರೆಗಿನ ರೈಲು ಪ್ರಯಾಣದ ವೆಚ್ಚವನ್ನು ತಾನೇ ಭರಿಸಲು ಒಪ್ಪಿತು. ಕೇಳುವವರಿದ್ದರೆ ಸರ್ಕಾರ ಉತ್ತರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನಾವೇ ಕಟ್ಟಿದ ಹಣ

ನೋಂದಾಯಿತರಿಗೆ ಕೊಟ್ಟ ಆ ನೆರವಿನ ಹಿಂದೆ ಒಂದು ನಿಧಿ ಇದೆ. ಅದು ನಮ್ಮ ಮನೆಗಳಿಗೂ ಸಂಬಂಧಪಟ್ಟದ್ದು. 1996ರ ಕಾನೂನಿನಂತೆ ಕಟ್ಟಡದ ವೆಚ್ಚದ ಶೇಕಡ 1ರಷ್ಟನ್ನು ಕಾರ್ಮಿಕರ ಕಲ್ಯಾಣಕ್ಕೆಂದು ಸೆಸ್ ರೂಪದಲ್ಲಿ ಕಟ್ಟಬೇಕು. ವಾಸಕ್ಕೆ ಮನೆ ಕಟ್ಟಿಸುವವರಿಗೂ ವೆಚ್ಚ ಹತ್ತು ಲಕ್ಷ ರೂಪಾಯಿ ಮೀರಿದರೆ ಇದು ಅನ್ವಯಿಸುತ್ತಿತ್ತು. ಕರ್ನಾಟಕದಲ್ಲಿ ಈ ಹಣ ನೋಡಿಕೊಳ್ಳುವ ಕಲ್ಯಾಣ ಮಂಡಳಿ ರಚನೆಯಾದದ್ದು 2007ರಲ್ಲಿ, ಅಂದರೆ ಕಾನೂನು ಹುಟ್ಟಿದ ಹನ್ನೊಂದನೆಯ ವರ್ಷದಲ್ಲಿ. 2025ರ ನವೆಂಬರ್ 21ರಿಂದ ಆ ಹಳೆಯ ಸೆಸ್ ಕಾನೂನು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಸೆಸ್ ಮಾತ್ರ ಉಳಿದಿದೆ.

ಆ ಹಣ ಏನಾಯಿತು? 2018ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪನ್ನು ಪ್ರತಿಯೊಬ್ಬ ಮನೆ ಯಜಮಾನನೂ ಓದಬೇಕು. ದೇಶಾದ್ಯಂತ 37,400 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಗಿತ್ತು. ಕಾರ್ಮಿಕರಿಗಾಗಿ ಬಳಕೆಯಾದದ್ದು ಸುಮಾರು 9,500 ಕೋಟಿ ಮಾತ್ರ. ಲ್ಯಾಪ್‌ಟಾಪ್, ಬಟ್ಟೆ ಒಗೆಯುವ ಯಂತ್ರಗಳಿಗೆ ಹಣ ವ್ಯಯವಾದದ್ದನ್ನು ಮಹಾಲೇಖಪಾಲರು ತಿಳಿಸಿದಾಗ ನ್ಯಾಯಾಲಯ ಬೆರಗಾಯಿತು. ನೀರಿನ ನಲ್ಲಿಯೇ ಇಲ್ಲದ ಶೆಡ್ಡಿಗೆ ಬಟ್ಟೆ ಒಗೆಯುವ ಯಂತ್ರ!

ಇನ್ನೊಂದು ತೊಡಕು ನೋಂದಣಿಯದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಕಾರ್ಮಿಕ ಪ್ರಮಾಣಪತ್ರ ಒದಗಿಸಬೇಕು. ತಿಂಗಳಿಗೊಂದು ನಿವೇಶನ, ವಾರಕ್ಕೊಬ್ಬ ಮೇಸ್ತ್ರಿ ಎಂದು ಅಲೆಯುವವನಿಗೆ ಅದನ್ನು ಯಾರು ಬರೆದುಕೊಡುತ್ತಾರೆ? ಇತ್ತ ನಿಜವಾದ ಕಾರ್ಮಿಕ ಹೊರಗುಳಿದರೆ, ಅತ್ತ ಕಾರ್ಮಿಕರಲ್ಲದವರೂ ಕಾರ್ಡು ಪಡೆದಿರುವುದನ್ನು ಇಲಾಖೆಯೇ ಒಪ್ಪಿಕೊಂಡಿದೆ. ಎರಡು ತಪ್ಪುಗಳಿಗೂ ಮೂಲ ಒಂದೇ. ಫಲಾನುಭವಿಗಳ ಪಟ್ಟಿಯನ್ನು ಕೆಲಸದ ಜಾಗದಲ್ಲಿ, ಕಾರ್ಮಿಕರ ಎದುರಿನಲ್ಲಿ ಓದಿ ಹೇಳುವ ಪದ್ಧತಿ ನಮ್ಮಲ್ಲಿ ಬೇರೂರಲಿಲ್ಲ.

ಮತವಿಲ್ಲದವರ ಪರವಾಗಿ

ಲೆಕ್ಕ ಕೇಳಲು ಸಂಖ್ಯೆ ಬೇಕು, ಒಗ್ಗಟ್ಟು ಬೇಕು. 2016ರ ಏಪ್ರಿಲ್ 18, 19ರಂದು ನಮ್ಮ ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಹೊಸೂರು ರಸ್ತೆಯಲ್ಲಿಯೂ ಪೀಣ್ಯದ ಕಡೆ ಜಾಲಹಳ್ಳಿ ಕ್ರಾಸ್‌ನಲ್ಲಿಯೂ ಬೀದಿಗಿಳಿದರು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯದಂತೆ ಕೇಂದ್ರ ಸರ್ಕಾರ ಮಾಡಿದ್ದ ನಿಯಮ ಅವರನ್ನು ಕೆರಳಿಸಿತ್ತು. ಎರಡನೆಯ ದಿನವೇ ಆ ನಿಯಮ ಹಿಂದಕ್ಕೆ ಹೋಯಿತು. ಆ ದಿನಗಳಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು, ಲಾಠಿ ಬೀಸಿದ್ದನ್ನು ಯಾರೂ ಮೆಚ್ಚಲಾರರು. ಬೀದಿಗೆ ಬಂದ ಮೇಲೆಯೇ ಕಿವಿ ತೆರೆಯುವ ಆಡಳಿತವನ್ನೂ ಮೆಚ್ಚಲಾಗದು.

ಆದರೆ ಶೆಡ್ಡಿನಲ್ಲಿರುವವರಿಗೆ ಅಂತಹ ಸಂಖ್ಯಾಬಲವೂ ಇಲ್ಲ. ಅವರಲ್ಲಿ ಅನೇಕರ ಮತ ರಾಯಚೂರಿನಲ್ಲಿ, ಯಾದಗಿರಿಯಲ್ಲಿ, ಇಲ್ಲವೇ ದೂರದ ಬೇರೊಂದು ರಾಜ್ಯದಲ್ಲಿದೆ, ಬದುಕು ಇಲ್ಲಿದೆ. ಇಲ್ಲಿನ ಜನಪ್ರತಿನಿಧಿ ಅವರಿಗೆ ಹೆದರಬೇಕಾಗಿಲ್ಲ. ಅದು ಸಾಲದೆಂಬಂತೆ, 2020ರ ಸೆಪ್ಟೆಂಬರ್ 10ರಂದು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆಯುವವರೆಗೂ ಬೆಂಗಳೂರಿನ ಯಾವ ವಾರ್ಡಿಗೂ ಸದಸ್ಯರಿರಲಿಲ್ಲ. ಮತವಿದ್ದ ನಾವೇ ಐದು ವರ್ಷ ಕಾರ್ಪೊರೇಟರ್ ಇಲ್ಲದೆ ಕಳೆದೆವು, ಮತವಿಲ್ಲದವರ ಪಾಡೇನು? ಉದ್ಯಮಗಳ ಸ್ಥಿತಿ ಇದಲ್ಲ. ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ದೊರಕಿತು. ತೆರಿಗೆ ಸಂಗ್ರಹಿಸಿ ತನ್ನ ರಸ್ತೆ, ದೀಪಗಳನ್ನು ತಾನೇ ನೋಡಿಕೊಳ್ಳುವ ಅವಕಾಶ ಬಂದಿತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ರಸ್ತೆಗಳನ್ನು ಬೆಳಗಿನ ಜಾವ ಗುಡಿಸುವವರು ಸಂಜೆ ಮರಳುವ ಓಣಿಗಳಿಗೆ ಅಂತಹ ಪ್ರಾಧಿಕಾರ ಯಾವುದು ಎಂದಷ್ಟೇ ಕೇಳುತ್ತಿದ್ದೇನೆ.

ಆದುದರಿಂದ ಲೆಕ್ಕ ಕೇಳುವ ಹೊಣೆ ನೆರೆಯವರ ಮೇಲೆ, ಅಂದರೆ ನಮ್ಮ ಮೇಲೆ ಬೀಳುತ್ತದೆ. 2020ರ ಬೇಸಿಗೆಯಲ್ಲಿ ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಹಂಚಿದ್ದನ್ನು ಮರೆಯುವಂತಿಲ್ಲ. ಅದು ಆ ಹೊತ್ತಿನ ಹಸಿವನ್ನು ನೀಗಿಸಿತು. ಆದರೆ ಚೀಲ ಪಡೆದವನ ಹೆಸರಿನಲ್ಲಿಯೇ ಕೋಟಿಗಟ್ಟಲೆ ಹಣ ಸರ್ಕಾರದ ಬಳಿ ಉಳಿದಿತ್ತು, ಅದರಲ್ಲಿ ನಾವು ಮನೆ ಕಟ್ಟಿಸಿದಾಗ ತೆತ್ತದ್ದೂ ಸೇರಿತ್ತು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಹೊಳೆದಿತ್ತು? ನಾವು ಹಂಚಿದ್ದು ಅವನಿಗೆ ದಾನವಾಗಿ ಕಂಡಿತು. ಅವನಿಗೆ ಹಕ್ಕಾಗಿ ಬರಬೇಕಿದ್ದುದು ಕಡತದಲ್ಲಿಯೇ ಕುಳಿತಿತ್ತು.

ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ಭಾಗದಲ್ಲಿ ಎಷ್ಟು ಸೆಸ್ ಸಂಗ್ರಹವಾಯಿತು, ಎಷ್ಟು ಕಾರ್ಮಿಕರು ನೋಂದಾಯಿತರು, ಅವರ ಎಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ಸಂದಿತು ಎಂದು ಒಂದು ಹಾಳೆಯಲ್ಲಿ ಕೇಳಬಹುದು. ನಮ್ಮ ಮನೆಯ ಗಾರೆ, ಬಣ್ಣದ ಕೆಲಸಕ್ಕೆ ಬಂದವರಿಗೆ ಅವರು ದುಡಿದ ದಿನಗಳನ್ನು ಬರೆದು ಸಹಿ ಮಾಡಿಕೊಡಬಹುದು. ಸಮುಚ್ಚಯದ ಸಂಘದ ಸಭೆಯಲ್ಲಿ ಪಕ್ಕದ ಶೆಡ್ಡುಗಳ ಮೇಲೆ ದೂರು ಬರೆಯಲು ಹೊರಟಾಗ, ಅಲ್ಲಿರುವವರು ಯಾರೆಂದು ಒಮ್ಮೆ ಹೋಗಿ ನೋಡಿ ಬರೋಣವೇ ಎಂದು ಒಬ್ಬರಾದರೂ ಕೇಳಬಹುದು. ಇದು ಯಾವ ಪಕ್ಷದ ರಾಜಕೀಯವೂ ಅಲ್ಲ. 2020ರಲ್ಲಿ ಇದ್ದ ಸರ್ಕಾರ ಈಗಿಲ್ಲ. ಪ್ರಶ್ನೆಗಳು ಈಗಲೂ ಇವೆ.

ಕರಿಯಮ್ಮನ ಅಗ್ರಹಾರದ ಆ ಪತ್ರವನ್ನು ಕೊನೆಯಲ್ಲಿ ಮತ್ತೊಮ್ಮೆ ನೆನೆಯಬೇಕು. ‘ಸಾರ್ವಜನಿಕರ ದೂರಿನ ಮೇರೆಗೆ’ ಸರ್ಕಾರ ಅಷ್ಟು ಚುರುಕಾಗಿ ಹೊರಟಿತ್ತು. ಅಂದರೆ ಅದಕ್ಕೆ ಕಿವಿ ಇಲ್ಲವೆಂದಲ್ಲ. ನಮ್ಮ ಮಾತು ಅದಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ. ಹಾಗಿದ್ದ ಮೇಲೆ ಆ ಕಿವಿಯಲ್ಲಿ ನಾವು ಏನನ್ನು ಹೇಳುತ್ತಿದ್ದೇವೆ ಎಂಬ ಲೆಕ್ಕವನ್ನು ಮೊದಲು ಒಪ್ಪಿಸಬೇಕಾದವರು ನಾವು.