ಹುಲ್ಲಿನಲ್ಲಿ ಸೆಲ್ಯುಲೋಸ್ ಎಷ್ಟು?

ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ತಯಾರಿಸುವ ಕಾರ್ಖಾನೆ 2022ರಲ್ಲಿ ಉದ್ಘಾಟನೆಯಾಯಿತು. ಬೆಳೆತ್ಯಾಜ್ಯದ ಸೆಲ್ಯುಲೋಸ್ ಪ್ರಮಾಣಕ್ಕೆ ಈಗ ಹಣದ ಲೆಕ್ಕವೂ ಸೇರಿಕೊಂಡಿದೆ. ಆದರೆ ಅದನ್ನು ಅಳೆಯಲು ಇಂದಿಗೂ ಬಹಳ ಕಡೆ ಬಳಸುವ ವಿಧಾನ ದನದ ಮೇವಿಗಾಗಿ ಹುಟ್ಟಿದ್ದು. ಅಮೆರಿಕದ ಪೀಟರ್ ವ್ಯಾನ್ ಸೂಸ್ಟ್ ಅದನ್ನು 1960ರ ದಶಕದಲ್ಲಿ ರೂಪಿಸಿದರು.

ಒಣಹುಲ್ಲಿನ ಪುಡಿಯನ್ನು ಆಮ್ಲ ಬೆರೆತ ಮಾರ್ಜಕದಲ್ಲಿ ಒಂದು ಗಂಟೆ ಕುದಿಸಿ, ಉಳಿದ ನಾರನ್ನು ತೂಗುತ್ತಾರೆ. ಆಮೇಲೆ ಅದನ್ನು ಶೇ. 72ರ ಸಲ್ಫ್ಯೂರಿಕ್ ಆಮ್ಲದಲ್ಲಿ ಮೂರು ಗಂಟೆ ನೆನೆಸುತ್ತಾರೆ. ಆಗ ಕರಗಿದ್ದು ಸೆಲ್ಯುಲೋಸ್, ಉಳಿದಿದ್ದು ಲಿಗ್ನಿನ್ ಮತ್ತು ಬೂದಿಯಂಶ. ತಕ್ಕಡಿ, ಮೂಸೆ, ಕುಲುಮೆ ಇದ್ದರೆ ಸಣ್ಣ ಕಾಲೇಜಿನಲ್ಲೂ ಮಾಡಬಹುದು. ಈ ಸರಳತೆ ನನಗೆ ತುಂಬ ಮೆಚ್ಚುಗೆ.

ಎಡವುವುದು ಭತ್ತದ ಹುಲ್ಲಿನಲ್ಲಿ. ಅದರಲ್ಲಿ ಸಿಲಿಕಾ ಹೇರಳ, ಆಮ್ಲಕ್ಕೆ ಅದು ಜಗ್ಗುವುದಿಲ್ಲ. ನೂರು ಗ್ರಾಂ ಹುಲ್ಲಿನಲ್ಲಿ ಮಾರ್ಜಕದ ನಂತರ 50 ಗ್ರಾಂ, ಆಮ್ಲದ ನಂತರ 17 ಗ್ರಾಂ ಉಳಿಯಿತು ಎನ್ನಿ. ಸೆಲ್ಯುಲೋಸ್ 33 ಗ್ರಾಂ. ಆ 17ನ್ನು ಸುಟ್ಟಾಗ 12 ಗ್ರಾಂ ಬೂದಿ ಸಿಕ್ಕರೆ ಲಿಗ್ನಿನ್ 5 ಗ್ರಾಂ. ಈಗ ಯಾರಾದರೂ ಬೂದಿ ಕಳೆದ ಈ 5ನ್ನು, ಬೂದಿ ಕಳೆಯದ 50ರಿಂದ ಕಳೆದರೆ ಸೆಲ್ಯುಲೋಸ್ ಒಮ್ಮೆಲೇ 45 ಆಗಿಬಿಡುತ್ತದೆ! ಹೆಚ್ಚಾದ ಆ 12 ಗ್ರಾಂ ಬರೀ ಮರಳಿನ ಅಂಶ. ಎಷ್ಟು ಹುದುಗಿಸಿದರೂ ಒಂದು ಹನಿ ಎಥನಾಲ್ ಬಾರದು. ಲೆಕ್ಕ ಸರಿಯಿದ್ದರೂ ಒಂದು ತೊಡಕು ಉಳಿಯುತ್ತದೆ: ಮಾರ್ಜಕಕ್ಕೆ ಸಿಗದೆ ನಾರಿಗೆ ಅಂಟಿಕೊಂಡ ಒಂದಿಷ್ಟು ಹೆಮಿಸೆಲ್ಯುಲೋಸೂ ಸೆಲ್ಯುಲೋಸಿನ ಖಾತೆಗೇ ಸೇರುತ್ತದೆ.

ಹಾಗಾಗಿ ಕಾರ್ಖಾನೆಯ ಕೆಲಸಕ್ಕೆ ಎರಡು ಹಂತದ ಆಮ್ಲವಿಭಜನೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಶೇ. 72ರ ಆಮ್ಲದಲ್ಲಿ 30 ಡಿಗ್ರಿಯಲ್ಲಿ ಒಂದು ಗಂಟೆ, ಬಳಿಕ ಅದನ್ನು ಶೇ. 4ಕ್ಕೆ ತೆಳುವಾಗಿಸಿ 121 ಡಿಗ್ರಿಯಲ್ಲಿ ಇನ್ನೊಂದು ಗಂಟೆ. ಹೊರಬಂದ ಗ್ಲೂಕೋಸನ್ನು ನೇರವಾಗಿ ಅಳೆದು 0.9ರಿಂದ ಗುಣಿಸುತ್ತಾರೆ, ಏಕೆಂದರೆ ಸರಪಳಿ ಕಡಿಯುವಾಗ ಪ್ರತಿ ಕೊಂಡಿಗೂ ಒಂದು ನೀರಿನ ಅಣು ಸೇರಿ ತೂಕ ಏರಿರುತ್ತದೆ. ಉಪಕರಣ ದುಬಾರಿ, ನಿಜ. ಗ್ಲೂಕೋಸ್ ಎಲ್ಲಿಂದ ಬಂತೆಂದು ಈ ವಿಧಾನಕ್ಕೂ ತಿಳಿಯದು; ಕಬ್ಬಿನ ಸಿಪ್ಪೆಯಲ್ಲಿ ಉಳಿದ ಸಕ್ಕರೆಯನ್ನು ಮೊದಲೇ ತೊಳೆದು ತೆಗೆಯದಿದ್ದರೆ ಅದೂ ಸೆಲ್ಯುಲೋಸ್ ಎನಿಸಿಕೊಳ್ಳುತ್ತದೆ.

ವರದಿಗಳಲ್ಲಿ ವಿಧಾನದ ಹೆಸರೂ ಇಲ್ಲದೆ, ಒಣ ತೂಕವೋ ಹಸಿ ತೂಕವೋ ಎಂದೂ ಹೇಳದೆ ಬರೀ ಶೇಕಡಾವಾರು ಕೊಡುವುದನ್ನು ಒಪ್ಪಲಾಗದು. ಗಾಣದಿಂದ ಬಂದ ಸಿಪ್ಪೆಯಲ್ಲಿ ಸುಮಾರು ಅರ್ಧ ನೀರೇ. ಒಣ ತೂಕಕ್ಕೆ ಶೇ. 40 ಎಂದಿದ್ದು, ಕಾರ್ಖಾನೆಯ ಅಂಗಳದಲ್ಲಿ ರಾಶಿ ಬಿದ್ದ ಸಿಪ್ಪೆಗೆ ಶೇ. 20 ಮಾತ್ರ.